ಎಂಟು ಬಂದಿತ್ತು, ಆರು ಎಂದೆ

ನನ್ನ ಅತ್ತೆ ಮಾಡಿಕೊಟ್ಟ ಕಷಾಯದಿಂದ ನನಗೆ ಯಾವ ತೊಂದರೆಯೂ ಆಗಲಿಲ್ಲ. ಆಗಲು ಸಾಧ್ಯವೇ ಇರಲಿಲ್ಲ — ನಾನದನ್ನು ಒಂದು ದಿನವೂ ಕುಡಿದಿರಲಿಲ್ಲ. ಆದರೂ ಆ ಕಷಾಯದಿಂದಲೇ ನನ್ನ ಗರ್ಭಕೋಶದ ಒಳಪದರ ತೆಳುವಾಯಿತು ಎಂದು ಅವರ ಮುಖಕ್ಕೇ ಹೇಳಿದೆ. ಹೇಳಿದ್ದು ಯಾವತ್ತು ಗೊತ್ತೆ? ಆ ಪದರ ಮೊದಲ ಬಾರಿಗೆ ಬೇಕಾದಷ್ಟು ದಪ್ಪವಾಗಿ ಬೆಳೆದು ನಿಂತಿದ್ದ ದಿನ. ಆರು ವರ್ಷ ಅವರು ನನ್ನ ಮಾತನ್ನು ನಂಬಿದರು. ನಾನು ನಂಬಲು ಬಿಟ್ಟೆ.

ಇದನ್ನು ಸ್ವಲ್ಪ ಸಹ್ಯವಾಗುವ ಹಾಗೆ ಬರೆಯಬಹುದೇ ಎಂದು ಮೂರು ಸಲ ಹಾಳೆ ಹರಿದೆ. ಬರೆಯಲಾಗಲಿಲ್ಲ. ಹಾಗಾಗಿ ಇದ್ದದ್ದನ್ನು ಇದ್ದ ಹಾಗೆ —

ನನ್ನ ಹೆಸರು ಸುಜಾತ. ಅರಸೀಕೆರೆಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ. ಗಂಡ ಮೋಹನ್ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಟೆಕ್ನಿಷಿಯನ್. ಸ್ಟೇಷನ್ನಿನ ಹಿಂದಿರುವ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ. ಅತ್ತೆ ನಿಂಗಮ್ಮ ಬಿಕ್ಕೋಡಿನವರು. ಗಂಡ ತೀರಿಕೊಂಡ ಮೇಲೆ ಕಾಫಿ ತೋಟಗಳಲ್ಲಿ ಹಣ್ಣು ಬಿಡಿಸಿ ಒಬ್ಬನೇ ಮಗನನ್ನು ಐಟಿಐ ಓದಿಸಿದವರು. ಮಗನಿಗೆ ಕೆಲಸ ಸಿಕ್ಕಿದ ಮೇಲೆ ನಮ್ಮ ಜೊತೆ ಬಂದರು. ಬಂದ ಆರೇ ತಿಂಗಳಲ್ಲಿ ಇಡೀ ಕ್ವಾರ್ಟರ್ಸಿಗೆ ಅವರು ‘ನಿಂಗಮ್ಮಜ್ಜಿ’ ಆದರು. ಕಾರಣ, ಅವರು ಹಸುಗೂಸುಗಳಿಗೆ ನೀರು ಹಾಕುತ್ತಿದ್ದ ರೀತಿ. ಬಚ್ಚಲಲ್ಲಿ ಎರಡೂ ಕಾಲು ಚಾಚಿ ಕೂತು, ಮಗುವನ್ನು ಮೊಣಕಾಲಿನ ಮೇಲೆ ಬೋರಲು ಮಲಗಿಸಿಕೊಂಡು, ಎಣ್ಣೆ ನೀವಿ, ಹದವಾದ ಬಿಸಿನೀರು ಹೊಯ್ದರೆ ಕಿರುಚುತ್ತಿದ್ದ ಮಗು ಅಲ್ಲೇ ತೂಕಡಿಸುತ್ತಿತ್ತು. ತವರು ದೂರವಿದ್ದ ಬಾಣಂತಿಯರು ಅವರನ್ನೇ ಕರೆಯುತ್ತಿದ್ದರು. ಪ್ರತಿಯಾಗಿ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ನೀರು ಹಾಕಿ ಬಂದ ದಿನ ಅವರ ಸೀರೆಯೆಲ್ಲ ಸಾಂಬ್ರಾಣಿ ಘಮ, ಮುಖದಲ್ಲಿ ಏನೋ ಒಂದು ಗರ್ವ. “ಇವತ್ ಆ ಕೂಸು ನನ್ ನೋಡಿ ನಗ್ತು ಕಣವ್ವ” ಎನ್ನುತ್ತಿದ್ದರು. ಹತ್ತು ದಿನದ ಕೂಸು ಎಲ್ಲಿ ನಗುತ್ತದೆ ಎಂದು ನಾನು ಮನಸ್ಸಿನಲ್ಲೇ —

ನನಗೆ ಮಕ್ಕಳಾಗಿರಲಿಲ್ಲ. ಮದುವೆಯಾಗಿ ಐದು ವರ್ಷ. ಹಾಸನದ ಒಂದು ಕ್ಲಿನಿಕ್ಕಿಗೆ ತೋರಿಸುತ್ತಿದ್ದೆವು. ಅಂಡಗಳನ್ನು ತೆಗೆದು, ಲ್ಯಾಬಿನಲ್ಲಿ ಭ್ರೂಣ ಮಾಡಿ, ಎರಡನ್ನು ಫ್ರೀಜ್ ಮಾಡಿ ಇಟ್ಟಿದ್ದರು. ಇನ್ನೇನು ಒಂದನ್ನು ಗರ್ಭಕೋಶದೊಳಗೆ ಇಡಬೇಕು, ಅಷ್ಟೇ. ಆದರೆ ಇಡುವ ಜಾಗವೇ ಸಿದ್ಧವಾಗುತ್ತಿರಲಿಲ್ಲ. ಒಳಪದರ ಕಡೇಪಕ್ಷ ಏಳು ಮಿಲಿಮೀಟರ್, ಎಂಟಾದರೆ ಒಳ್ಳೆಯದು ಎಂದು ಡಾಕ್ಟರಮ್ಮ ಹೇಳಿದ್ದರು. ನನ್ನದು ಐದೂವರೆ. ಮಾತ್ರೆ ಹೆಚ್ಚಿಸಿದರು — ಐದು ಪಾಯಿಂಟ್ ಒಂಬತ್ತು. ಹೊಟ್ಟೆಗೆ ಅಂಟಿಸುವ ಪಟ್ಟಿ ಕೊಟ್ಟರು — ಆರು. ಪ್ರತಿ ಸಲವೂ “ಈ ತಿಂಗಳು ಬೇಡ, ಕ್ಯಾನ್ಸಲ್ ಮಾಡೋಣ.” ಯಾಕೆ ಬೆಳೆಯುತ್ತಿಲ್ಲ ಎಂದರೆ, “ಕೆಲವರಿಗೆ ಹಾಗೇಮ್ಮ, ಕಾರಣ ಸಿಗಲ್ಲ.” ಕಾರಣ ಸಿಗಲ್ಲ! ಒಂದು ರೋಗದ ಹೆಸರನ್ನಾದರೂ ಕೊಟ್ಟಿದ್ದರೆ ಅದನ್ನು ಬೈದುಕೊಂಡು ಇರುತ್ತಿದ್ದೆ.

ನನಗೆ ರೋಸಿಹೋಗಿದ್ದು ಮಾತ್ರೆಗಳಿಂದಲ್ಲ. ವಾಂತಿ, ತಲೆನೋವು, ಕಾಲು ಊತ — ಅದೆಲ್ಲ ಹೇಗೋ ಆಗುತ್ತದೆ. ರೋಸಿಹೋಗಿದ್ದು ಆ ನಂಬರಿನಿಂದ. ನಮ್ಮೂರಲ್ಲಿ ಕೊಬ್ಬರಿ ರೇಟು ಕೇಳಿದ ಹಾಗೆ ಎಲ್ಲರೂ ನನ್ನ ನಂಬರು ಕೇಳುತ್ತಿದ್ದರು. ಸ್ಕ್ಯಾನ್ ಮುಗಿಸಿ ರೈಲು ಹತ್ತುವುದರೊಳಗೆ ಮಾದಿಹಳ್ಳಿಯಿಂದ ನನ್ನಮ್ಮನ ಫೋನು: “ಎಷ್ಟೈತಂತೆ?” ಕಚೇರಿಯಲ್ಲಿ ರಜೆ ಚೀಟಿ ತೆಗೆದುಕೊಳ್ಳುವ ಮೇಡಂ ಕಣ್ಣಲ್ಲೇ ಕೇಳುತ್ತಿದ್ದರು. ಎದುರು ಮನೆಯವರಿಗೂ ಗೊತ್ತು, ಪಕ್ಕದ ಮನೆಯವರಿಗೂ ಗೊತ್ತು, ಹಾಲು ಹಾಕುವ ಮಂಗಳಮ್ಮನಿಗೂ ಗೊತ್ತು. ಒಂದು ದಿನ ಅವಳು ಪಾತ್ರೆಗೆ ಹಾಲು ಅಳೆಯುತ್ತಾ, “ಅಕ್ಕಾ, ಬೀಟ್ರೂಟ್ ಜ್ಯೂಸ್ ಕುಡುದ್ರೆ ಪದ್ರ ಬೆಳೀತದಂತೆ” ಎಂದಳು. ನಾನು ಪಾತ್ರೆ ಎತ್ತಿಕೊಂಡು ಒಳಗೆ ಬಂದು ಅತ್ತೆಯನ್ನು ನೋಡಿದೆ. ಅವರು ಬೀಟ್ರೂಟ್ ಹೆಚ್ಚುತ್ತಾ ಕೂತಿದ್ದರು.

ಎಲ್ಲರಿಗೂ ಹೇಳುತ್ತಿದ್ದವರು ಅವರೇ. ಕೆಟ್ಟ ಮನಸ್ಸಿನಿಂದಲ್ಲ — ಇದನ್ನು ನಾನು ಆಗಲೂ ಬಲ್ಲವಳಾಗಿದ್ದೆ. ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ಬದುಕಿದವರು; ಅಲ್ಲಿ ಒಬ್ಬಳ ಕಷ್ಟ ಹತ್ತು ಜನಕ್ಕೆ ಗೊತ್ತಾದರೆ ಹತ್ತು ಕೈ ಸೇರುತ್ತಿದ್ದವು. ಮುಚ್ಚಿಡುವುದು ಅವರಿಗೆ ಬರುತ್ತಲೇ ಇರಲಿಲ್ಲ. “ಬಾಯಿ ಬುಟ್ಟು ಕೇಳ್ದೆ ಔಸ್ತಿ ಎಲ್ಲಿ ಸಿಕ್ತದೆ?” ಎನ್ನುತ್ತಿದ್ದರು. ಹೀಗೆ ಕೇಳಿ ಕೇಳಿಯೇ ನಾಲ್ಕನೇ ಸಲದ ಮಾತ್ರೆ ಶುರುವಾಗುವ ಹೊತ್ತಿಗೆ ಬಿಕ್ಕೋಡಿಗೆ ಹೋಗಿ, ಹಳೆಯ ಜೊತೆಗಾತಿಯೊಬ್ಬಳಿಂದ ಯಾವುದೋ ಬೇರು, ತೊಗಟೆ ತಂದರು. ಪ್ರತಿದಿನ ಬೆಳಿಗ್ಗೆ ಆರಕ್ಕೆ ಎದ್ದು, ಒಂದು ಚೊಂಬು ನೀರು ಕಾಲು ಚೊಂಬಾಗುವ ತನಕ ಕುದಿಸಿ, ಸೋಸಿ, ನನ್ನ ಕೈಗೆ ಲೋಟ ಕೊಡುತ್ತಿದ್ದರು.

ಬೇರೆ ಯಾವ ಔಷಧಿಯೂ ಕೂಡದು ಎಂದು ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದ್ದರು. ನಾನು ಅತ್ತೆಗೆ ಅದನ್ನು ಹೇಳಬೇಕಿತ್ತು. ಹೇಳಿದ್ದರೆ ಅವರು ನಿಲ್ಲಿಸಿಬಿಡುತ್ತಿದ್ದರು. ಡಾಕ್ಟರ ಮಾತೆಂದರೆ ಅವರಿಗೆ ಅಷ್ಟು ಭಯ. ಆದರೆ ಹೇಳಿದರೆ ಅದರ ಮೇಲೆ ಹತ್ತು ಪ್ರಶ್ನೆ, ಮತ್ತೆ ಮಾತು, ಮತ್ತೆ ಎದುರು ಮನೆಯಲ್ಲಿ ಚರ್ಚೆ — ಯಾರಿಗೆ ಬೇಕು ಎನ್ನಿಸಿತು. ಲೋಟ ಹಿಡಿದು ಬಚ್ಚಲಿಗೆ ಹೋಗಿ ಮೋರಿಗೆ ಸುರಿದು ಬರುತ್ತಿದ್ದೆ. “ಕಯ್ಯಾ ಮಗ?” ಎಂದು ಕೇಳುತ್ತಿದ್ದರು. “ತುಂಬಾ ಕಹಿ ಅತ್ತೆ” ಎನ್ನುತ್ತಿದ್ದೆ. ಅವರು ಒಂದು ಚೂರು ಬೆಲ್ಲ ಕೊಡುತ್ತಿದ್ದರು. ಹನ್ನೊಂದು ದಿನ ನಾನು ಆ ಬೆಲ್ಲ ತಿಂದೆ.

ಹನ್ನೆರಡನೇ ದಿನ ಹಾಸನಕ್ಕೆ ಹೋಗುವುದಿತ್ತು. ಮೋಹನ್‌ಗೆ ಡ್ಯೂಟಿ. ಅತ್ತೆ ನಾನೂ ಬರುತ್ತೇನೆ ಎಂದರು. ಬೇಡ ಎಂದೆ, ಕೇಳಲಿಲ್ಲ. “ಒಬ್ಳೇ ಯಾಕ್ ಹೋಗ್ತೀಯ, ನಾ ಬತ್ತೀನಿ” ಎಂದು ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು ಹೊರಟೇಬಿಟ್ಟರು.

ಕ್ಲಿನಿಕ್ಕಿನಲ್ಲಿ ಎರಡು ಗಂಟೆ ಕಾಯಿಸಿದರು. ಹೊಟ್ಟೆ ತುಂಬ ನೀರು ಕುಡಿದು ಕೂತ ನನಗೆ ಮಾತೂ ಬೇಡ, ಏನೂ ಬೇಡ. ಅತ್ತೆ ಪಕ್ಕದಲ್ಲಿ ಕೂತಿದ್ದ ಯಾರೋ ಹೆಂಗಸಿನೊಡನೆ ಮಾತಿಗಿಳಿದರು. ಅವಳು ಹಗರೆಯವಳಂತೆ, ಮಗಳನ್ನು ಕರೆತಂದಿದ್ದಳು. ನೋಡನೋಡುತ್ತಲೇ ನನ್ನ ಕಥೆ ಶುರುವಾಯಿತು. “ನಮ್ ಸೊಸೆಗೆ ಪದ್ರ ನಿಲ್ಲಾಕಿಲ್ಲ ಕಣವ್ವ. ಮೂರ್ ಕಿತ ಆತು.” ಸುತ್ತಲಿನ ಐದಾರು ತಲೆಗಳು ನನ್ನ ಕಡೆ ತಿರುಗಿದವು. ಒಬ್ಬಳು ನನ್ನ ಹೊಟ್ಟೆಯನ್ನು ನೋಡಿದಳು — ಪದರ ಹೊರಗೇ ಕಾಣುತ್ತದೆ ಎನ್ನುವ ಹಾಗೆ. ನಾನು ಅತ್ತೆಯ ಮೊಣಕೈ ಹಿಡಿದೆ. “ಸುಮ್ನಿರಿ ಅತ್ತೆ.” ಅವರು ಸುಮ್ಮನಾದರು, ಒಂದು ನಿಮಿಷ.

ಒಳಗೆ ಕರೆದರು. ಕತ್ತಲೆಯ ಕೋಣೆ. ಡಾಕ್ಟರಮ್ಮ ಪರದೆ ನೋಡುತ್ತಾ ಅಳೆದರು. ನಾನು ಆರು ಎಂದುಕೊಂಡೆ. ಹೆಚ್ಚೆಂದರೆ ಆರೂ ಕಾಲು. ಅವರು ಮತ್ತೊಮ್ಮೆ ಅಳೆದರು. ಆಮೇಲೆ ನನ್ನ ಕಡೆ ತಿರುಗಿ ನಕ್ಕರು. “ಎಂಟು ಪಾಯಿಂಟ್ ಎರಡು, ಸುಜಾತ! ಪದರ ತುಂಬಾ ಚೆನ್ನಾಗಿ ಬಂದಿದೆ. ನಾಳೆ ಸಂಜೆಯಿಂದ ಇನ್ನೊಂದು ಮಾತ್ರೆ ಶುರು ಮಾಡಿ. ಐದು ದಿನ ಬಿಟ್ಟು ಆರನೇ ದಿನ ಬನ್ನಿ, ಭ್ರೂಣ ಇಟ್ಟುಬಿಡೋಣ.”

ಖುಷಿಯಾಗಬೇಕಿತ್ತು. ನಾಲ್ಕು ಸಲದ ಮಾತ್ರೆ, ಪಟ್ಟಿ, ರೈಲು, ರಜೆ — ಎಲ್ಲ ಈ ಒಂದು ಮಾತಿಗಾಗಿಯೇ ಅಲ್ಲವೇ? ಆದರೆ ನನಗಾದದ್ದು ಹೆದರಿಕೆ. ಮಂಚದಿಂದ ಇಳಿದು ಸೀರೆ ಸರಿಮಾಡಿಕೊಂಡೆ. ಇಷ್ಟು ದಿನ ಪದರ ತೆಳು ಎನ್ನುವ ಒಂದು ನೆಪವಾದರೂ ಇತ್ತು. ಈಗ ಪದರವೂ ಚೆನ್ನಾಗಿದೆ. ಇನ್ನು ಭ್ರೂಣ ನಿಲ್ಲದಿದ್ದರೆ? ಆಗ ಏನೆಂದು ಹೇಳುವುದು, ಯಾವ ನಂಬರು ತೋರಿಸುವುದು? ಹೀಗೆಲ್ಲ — ಅರ್ಧ ಯೋಚನೆ, ಅರ್ಧ ಗಾಬರಿ. ಇದನ್ನು ಸಮಜಾಯಿಷಿ ಎಂದು ಹೇಳುತ್ತಿಲ್ಲ. ಬಾಗಿಲು ತೆರೆಯುವಾಗ ನನ್ನೊಳಗೆ ಇದ್ದದ್ದು ಇದು, ಅಷ್ಟೇ.

ಬಾಗಿಲು ತೆರೆದೆ. ಅತ್ತೆಯ ದನಿ ಕೇಳಿಸಿತು. ಹಗರೆಯ ಆ ಹೆಂಗಸಿಗೆ ಹೇಳುತ್ತಿದ್ದರು: “ಇಷ್ಟ್ ದಿನ ಬರೀ ಇಂಗ್ಲಿಷ್ ಔಸ್ತಿ. ಈ ಸಲ ನಾನು ನಮ್ ಬಿಕ್ಕೋಡಿನ್ ಕಷಾಯ ಕುಡ್ಸೀನಿ. ನೋಡ್ತಾ ಇರು, ಈ ಸಲ ಪದ್ರ ಬಂದೇ ಬತ್ತದೆ. ನಿನ್ ಮಗ್ಳಿಗೂ ತರಿಸ್ಕೊಡ್ತೀನಿ.”

ಅಷ್ಟೇ ನಡೆದದ್ದು. ಅದಕ್ಕಿಂತ ಹೆಚ್ಚಿನ ಅಪರಾಧವನ್ನು ಅವರು ಮಾಡಲಿಲ್ಲ.

ನನ್ನ ತಲೆಗೆ ಏನೋ ಹತ್ತಿತು. ನಾನೀಗ ಎಂಟು ಎಂದರೆ ಗೆಲ್ಲುವುದು ಕಷಾಯ. ನನ್ನ ಮಾತ್ರೆಗಳಲ್ಲ, ನನ್ನ ವಾಂತಿಯಲ್ಲ, ನಾನಲ್ಲ. ನಾನು ಮೋರಿಗೆ ಸುರಿದ ಆ ಕಪ್ಪು ನೀರು. ನಾಳೆ ಬೆಳಗಾಗುವಷ್ಟರಲ್ಲಿ ಇಡೀ ಕ್ವಾರ್ಟರ್ಸು ‘ನಿಂಗಮ್ಮಜ್ಜಿ ಕಷಾಯದಿಂದ ಸುಜಾತನಿಗೆ ಪದರ ಬಂತಂತೆ’ ಎನ್ನುತ್ತದೆ. ಅವರು ಎದ್ದು ನಿಂತರು. ಎಲ್ಲರೂ ನೋಡುತ್ತಿದ್ದರು. “ಎಷ್ಟ್ ಬಂತವ್ವ?” ಎಂದರು, ಸ್ವಲ್ಪ ಗಟ್ಟಿಯಾಗಿಯೇ, ಉತ್ತರ ಗೊತ್ತಿರುವವರ ಹಾಗೆ.

“ಆರು” ಎಂದೆ. “ಕ್ಯಾನ್ಸಲ್. ನಿಮ್ಮ ಕಷಾಯದಿಂದಲೇ ಹೀಗಾಗಿದೆಯಂತೆ. ಬೆಳೆದದ್ದೂ ಕರಗಿಹೋಗಿದೆಯಂತೆ.”

ಅತ್ತೆಯ ಮುಖ — ಬೇಡ, ಅದನ್ನು ಬಣ್ಣಿಸುವ ಹಕ್ಕು ನನಗಿಲ್ಲ. ಅವರು ಹಗರೆಯ ಹೆಂಗಸಿನ ಕಡೆ ನೋಡಲಿಲ್ಲ. ಕುರ್ಚಿಯ ಕೆಳಗಿದ್ದ ಡಬ್ಬಿಯ ಚೀಲ ಎತ್ತಿಕೊಂಡರು. ರೈಲಿನಲ್ಲಿ ಅರಸೀಕೆರೆ ಬರುವವರೆಗೂ ಚಿತ್ರಾನ್ನದ ಡಬ್ಬಿ ತೆರೆಯಲಿಲ್ಲ.

ಕೋಪದಲ್ಲಿ ಬಾಯಿಗೆ ಬಂದ ಮಾತು ಎಂದು ಇಲ್ಲಿಗೇ ನಿಲ್ಲಿಸಬಹುದಿತ್ತು. ಎಲ್ಲರೂ ಒಮ್ಮೊಮ್ಮೆ ಹಾಗೆ ಆಡುತ್ತಾರೆ, ಆಮೇಲೆ ತಿದ್ದಿಕೊಳ್ಳುತ್ತಾರೆ. ನನಗೂ ತಿದ್ದಿಕೊಳ್ಳಲು ಸಮಯವಿತ್ತು. ಮಾತ್ರೆ ಶುರುವಾಗಬೇಕಿದ್ದದ್ದು ಮರುದಿನ ಸಂಜೆ. ಒಂದು ದಿನಕ್ಕಿಂತ ಹೆಚ್ಚು ಹೊತ್ತು ಇತ್ತು ನನ್ನ ಕೈಯಲ್ಲಿ. ರೈಲಿನಲ್ಲಿ ಹೇಳುತ್ತೇನೆ ಎಂದುಕೊಂಡೆ. ಮನೆಗೆ ಹೋಗಿ ಮೋಹನ್‌ಗೆ ಹೇಳುತ್ತೇನೆ ಎಂದುಕೊಂಡೆ. ಮೋಹನ್ ಡ್ಯೂಟಿಯಿಂದ ಬಂದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿಬಿಟ್ಟರು: “ನನ್ನಿಂದ ತಪ್ಪಾತು ಕಣಪ್ಪ. ನಾನೇ ಹಾಳ್ ಮಾಡ್ದೆ.” ಆ ಮನುಷ್ಯ ಹುಟ್ಟಿದಾಗಿನಿಂದ ತಾಯಿಯ ಎದುರು ದನಿ ಏರಿಸಿದವರಲ್ಲ. ಅಂದು ಏರಿಸಿದರು. “ಯಾರಮ್ಮ ನಿಂಗೆ ಹೇಳಿದ್ದು? ನೀನೇನ್ ಡಾಕ್ಟ್ರಾ?” ಎಂದು ಕೂಗಿದರು. ಅತ್ತೆ ತಲೆ ತಗ್ಗಿಸಿ ನಿಂತೇ ಇದ್ದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಒಂದು ಹೆಜ್ಜೆ ಮುಂದಿಟ್ಟಿದ್ದರೆ — ಇಡಲಿಲ್ಲ. ಇಷ್ಟಾದ ಮೇಲೆ ಸುಳ್ಳು ಎಂದರೆ ನನ್ನನ್ನು ಏನೆಂದುಕೊಳ್ಳುತ್ತಾರೆ ಎನ್ನುವ ಯೋಚನೆ ಬಂತು. ನನ್ನನ್ನು! ಅಷ್ಟರಲ್ಲೂ ನನಗೆ ನನ್ನದೇ ಚಿಂತೆ.

ಮರುದಿನ ಬೆಳಿಗ್ಗೆ ಕಚೇರಿಯಿಂದ ಕ್ಲಿನಿಕ್ಕಿಗೆ ಫೋನ್ ಮಾಡಿ, ಜ್ವರ ಬಂದಿದೆ, ಕೆಮ್ಮು ಜೋರಾಗಿದೆ, ಈ ತಿಂಗಳು ಬೇಡ ಎಂದೆ. ಆ ಕಡೆಯ ನರ್ಸ್ “ಅಯ್ಯೋ, ಇಷ್ಟು ಚೆನ್ನಾಗಿತ್ತಲ್ಲ ಮೇಡಂ” ಎಂದಳು. ಹೌದು ಎಂದೆ. ಫೋನ್ ಇಟ್ಟೆ. ಎದುರಿಗಿದ್ದ ಅರ್ಜಿಗಳಿಗೆ ಸೀಲು ಹಾಕಿದೆ.

ಅಮ್ಮ ಎಂದಿನಂತೆ ಫೋನ್ ಮಾಡಿದಳು. ಅವಳಿಗೂ ಕಷಾಯದ ಸುಳ್ಳನ್ನೇ ಹೇಳಿದೆ. ಈಗ ಬೇರೆ ಏನು ಹೇಳುವುದು? ಅಮ್ಮ ಸುಮ್ಮನಿರುವ ಪೈಕಿಯಲ್ಲ. ನೇರವಾಗಿ ಅತ್ತೆಗೇ ಫೋನ್ ಹಚ್ಚಿ, “ಏನ್ ಬೀಗ್ರೇ, ಕಾಡು ಬೇರು ಕುಡ್ಸಿ ನನ್ ಮಗ್ಳ ಹೊಟ್ಟೆ ಒಣುಗ್ಸಿಬುಟ್ರಲ್ಲ” ಎಂದಳಂತೆ. ಅದಾದ ಮೇಲೆ ಅಮ್ಮ ನಮ್ಮ ಮನೆಗೆ ಬಂದರೆ ಅತ್ತೆಯ ಕೈಯಿಂದ ಕಾಫಿ ಕುಡಿಯುತ್ತಿರಲಿಲ್ಲ. ಲೋಟ ಹಾಗೇ ಆರುತ್ತಿತ್ತು. ಅತ್ತೆ ಅದನ್ನು ಎತ್ತಿಕೊಂಡು ಹೋಗಿ ಚೆಲ್ಲುತ್ತಿದ್ದರು. ಒಂದು ಸಲವೂ ನನ್ನ ಬಳಿ ದೂರಲಿಲ್ಲ.

ಎಂಟು ಮತ್ತೆ ಬರಲೇ ಇಲ್ಲ. ಐದು ಪಾಯಿಂಟ್ ಏಳು, ಆರು, ಮತ್ತೆ ಐದು ಪಾಯಿಂಟ್ ಎಂಟು. ಅಲ್ಲಿಂದ ಮುಂದೆ ನಾನು ಯಾರನ್ನೂ ಜೊತೆಗೆ ಕರೆದುಕೊಂಡು ಹೋಗಲಿಲ್ಲ, ಫೈಲನ್ನು ಯಾರ ಕೈಗೂ ಕೊಡಲಿಲ್ಲ. ಡಾಕ್ಟರಮ್ಮ ಪ್ರತಿ ಸಲ ಹಳೆಯ ಹಾಳೆ ತಿರುಗಿಸಿ “ಆ ಸಲ ಜ್ವರ ಬರಬಾರದಿತ್ತು ನೋಡಿ” ಎನ್ನುತ್ತಿದ್ದರು. ಕೊನೆಗೆ ಒಂದು ತಿಂಗಳು ಆರು ಪಾಯಿಂಟ್ ಮೂರು ಬಂದಾಗ, ಇನ್ನು ಕಾಯುವುದು ಬೇಡ ಎಂದು ಎರಡೂ ಭ್ರೂಣಗಳನ್ನು ಇಟ್ಟರು. ಹದಿನಾಲ್ಕನೇ ದಿನ ರಕ್ತಪರೀಕ್ಷೆ. ಇಲ್ಲ. ಎರಡೂ ನಿಲ್ಲಲಿಲ್ಲ.

ಎಂಟು ಇದ್ದಾಗ ಇಟ್ಟಿದ್ದರೆ ನಿಲ್ಲುತ್ತಿತ್ತೇ? ನಾನು ಡಾಕ್ಟರಮ್ಮನನ್ನು ಕೇಳಿದೆ, ಸುಮ್ಮನೆ ತಿಳಿದುಕೊಳ್ಳುವವಳ ಹಾಗೆ. “ಗ್ಯಾರಂಟಿ ಯಾವತ್ತೂ ಇಲ್ಲಮ್ಮ. ಆದರೆ ಅವಕಾಶ ಹೆಚ್ಚು ಇರುತ್ತಿತ್ತು” ಎಂದರು. ಆ ಅವಕಾಶ ನನ್ನೊಬ್ಬಳದಾಗಿರಲಿಲ್ಲ. ಮೋಹನ್‌ದೂ ಆಗಿತ್ತು. ಅವರಿಗೆ ಹೇಳದೆ, ಕೇಳದೆ, ಯಾರೋ ಅಪರಿಚಿತ ಹೆಂಗಸರ ಮುಂದೆ ಸೋಲಬಾರದೆಂದು ನಾನು —

ಆಮೇಲೆ ನಾವು ನಿಲ್ಲಿಸಿದೆವು. ಮೋಹನ್ “ಸಾಕು ಕಣೇ, ನಿನ್ನ ಮೈ ನೋಡೋಕಾಗಲ್ಲ” ಎಂದರು. ಮನೆ ಶಾಂತವಾಯಿತು. ಯಾರೂ ನಂಬರು ಕೇಳುವುದಿಲ್ಲ. ನಾನು ಬಯಸಿದ್ದು ಅದನ್ನೇ ಅಲ್ಲವೇ? ಅತ್ತೆ ನನ್ನ ಊಟದ ವಿಷಯದಲ್ಲಿ ಬಾಯಿ ಹಾಕುವುದನ್ನು ಬಿಟ್ಟರು. ನೆಗಡಿಯಾದರೆ ಶುಂಠಿ ಕಾಫಿ ಮಾಡಿಕೊಡುವ ಮುಂಚೆಯೂ “ಡಾಕ್ಟ್ರು ಕುಡೀಬೋದು ಅಂತಾರಾ?” ಎಂದು ಕೇಳುತ್ತಿದ್ದರು. ಮಕ್ಕಳಿಗೆ ನೀರು ಹಾಕುವುದನ್ನೂ ಬಿಟ್ಟರು. ಸೊಂಟ ನೋವು ಎಂದರು. ಕ್ವಾರ್ಟರ್ಸಿನವರು ನಂಬಿದರು. ನಾನೂ ನಂಬಿದೆ — ಇಲ್ಲ, ಇದೂ ಸುಳ್ಳು. ನಂಬಿದ ಹಾಗೆ ಇದ್ದೆ. ನಂಬುವುದು ಸುಲಭವಾಗಿತ್ತು.

ಈ ವರ್ಷ ಪಕ್ಕದ ಬ್ಲಾಕಿಗೆ ರೈಲು ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಒಬ್ಬರ ಹೆಂಡತಿ ರೇಖಾ ಹೆರಿಗೆಯಾಗಿ ಬಂದಳು. ತಾಯಿ ಇಲ್ಲದ ಹುಡುಗಿ. ಯಾರೋ ಹೇಳಿದ್ದನ್ನು ಕೇಳಿ, ಎಂಟು ದಿನದ ಮಗುವನ್ನು ಎದೆಗವಚಿಕೊಂಡು ನಮ್ಮ ಬಾಗಿಲಿಗೆ ಬಂದು, “ಅಜ್ಜಿ, ಇದಕ್ಕೆ ನೀರು ಹಾಕಿಕೊಡ್ತೀರಾ? ನನಗೆ ಹಿಡಿಯೋಕೇ ಭಯ ಆಗುತ್ತೆ” ಎಂದಳು. ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು. ಕೈಯೆರಡನ್ನೂ ಸೆರಗಿನೊಳಗೆ ಇಟ್ಟುಕೊಂಡರು.

“ಬ್ಯಾಡ ಕಣವ್ವ. ನನ್ ಕೈ ಒಳ್ಳೇದಲ್ಲ. ನಮ್ ಸೊಸೆ ಹೊಟ್ಟೇಲಿ ನಿಲ್ಬೇಕಾಗಿದ್ದ ಕೂಸ್ನ ನಾನೇ ಕರಗುಸ್ಬುಟ್ಟೆ. ಇಂಥ ಕೈಲಿ ಇನ್ನೊಬ್ರ ಕೂಸ್ ಮುಟ್ಟಾಕಿಲ್ಲ.”

ನಾನು ಒಳಗೆ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದೆ. ಅವರು ಪದರ ಎನ್ನಲಿಲ್ಲ. ಕೂಸು ಎಂದರು. ಆರು ವರ್ಷ ಅವರ ಲೆಕ್ಕದಲ್ಲಿ ಅವರು ಒಂದು ಮಗುವನ್ನು ಕೊಂದವರು.

ಅಂದೂ ನಾನು ಹೊರಗೆ ಬರಲಿಲ್ಲ. ಇದನ್ನೂ ಸೇರಿಸಿಕೊಳ್ಳಿ. ರೇಖಾ ಅಳುಮುಖ ಮಾಡಿಕೊಂಡು ಹೋದಳು. ನಾನು ಹೊರಗೆ ಬಂದು ಹೇಳಲು ಇನ್ನೂ ಹನ್ನೊಂದು ದಿನ ಬೇಕಾಯಿತು. ಬಿಕ್ಕೋಡಿನಲ್ಲಿ ಅತ್ತೆಯ ತಂಗಿಯ ಮನೆಯಲ್ಲಿ ಗೃಹಪ್ರವೇಶವಿತ್ತು. ಮುಗಿಸಿಕೊಂಡು ನಾವಿಬ್ಬರೇ ಬೇಲೂರಿಗೆ ಬಂದೆವು. ಅಲ್ಲಿಂದ ಹಳೇಬೀಡಿನ ಬಸ್ಸು ಹಿಡಿದು, ಜಾವಗಲ್ಲಿನ ಮೇಲೆ ಅರಸೀಕೆರೆಗೆ ವಾಪಸಾಗುವುದು. ಬಸ್ ಸ್ಟ್ಯಾಂಡಿನಲ್ಲಿ ಪ್ರವಾಸಕ್ಕೆ ಬಂದ ಶಾಲಾ ಮಕ್ಕಳ ಗದ್ದಲ. ಮಧ್ಯಾಹ್ನದ ಬಿಸಿಲು. ಸಿಮೆಂಟು ಬೆಂಚಿನ ಮೇಲೆ ಅತ್ತೆ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಯಾಕೆ ಅಲ್ಲೇ ಬಾಯಿ ಬಿಟ್ಟೆನೋ ಗೊತ್ತಿಲ್ಲ. “ಅತ್ತೆ, ಆವತ್ತು ಎಂಟು ಬಂದಿತ್ತು” ಎಂದೆ.

ಅವರಿಗೆ ಅರ್ಥವಾಗಲಿಲ್ಲ. “ಎಂಟ್ ಗಂಟೆ ಬಸ್ಸಾ?” ಎಂದರು.

ಎಲ್ಲವನ್ನೂ ಹೇಳಿದೆ. ಎಂಟನ್ನು, ಆರು ಎಂದದ್ದನ್ನು, ಜ್ವರವೆಂದು ಫೋನ್ ಮಾಡಿದ್ದನ್ನು, ಮೋರಿಯನ್ನು. ಅವರು ನನ್ನನ್ನೇ ನೋಡುತ್ತಿದ್ದರು. ಮೊದಲು ಕೇಳಿದ್ದು ಎಂಟರ ವಿಷಯವನ್ನಲ್ಲ.

“ಕುಡೀಲೇ ಇಲ್ವಾ?”

“ಇಲ್ಲ ಅತ್ತೆ.”

“ಒಂದಿನಾನೂ?”

“ಒಂದಿನಾನೂ ಇಲ್ಲ.”

“ಬೆಲ್ಲ ಇಸ್ಕೊಂಡ್ ತಿಂತಿದ್ಯಲ್ಲೇ.”

ಹಳೇಬೀಡಿನ ಬಸ್ಸು ಬಂತು. ಅವರು ಎದ್ದು ಹೋಗಿ ಹತ್ತಿ, ಮುಂದಿನ ಸೀಟಿನಲ್ಲಿ ಯಾರೋ ಅಪರಿಚಿತಳ ಪಕ್ಕ ಕೂತರು. ನಾನು ಹಿಂದೆ ನಿಂತೆ. ಹಳೇಬೀಡಿನಲ್ಲಿ ಇಳಿದ ಮೇಲೆ ಅವರು ತಿರುಗಿ ನಿಂತರು. ಅವರಿಗೆ ಇಷ್ಟು ಸಿಟ್ಟು ಬರಬಲ್ಲದೆಂದು ನನಗೆ ಗೊತ್ತಿರಲಿಲ್ಲ.

“ಆರ್ ವರ್ಸ ಕಣೇ! ಆರ್ ವರ್ಸ ನಾನು ಒಂದ್ ಕೂಸ್ನೂ ಎತ್ಕೊಳ್ಳಿಲ್ಲ. ಬೀದೀಲಿ ಬಸುರಿ ಎದುರಿಗ್ ಬಂದ್ರೆ ಪಕ್ಕಕ್ ಹೋಯ್ತಿದ್ದೆ. ನಿನ್ ಮಕ ನೋಡ್ದಾಗೆಲ್ಲ ಅಯ್ಯೋ ಈ ಹೆಣ್ಣಿಗ್ ಇಂಥ ಗತಿ ತಂದ್ನಲ್ಲ ಅಂತಿದ್ದೆ. ನೀನು ನೋಡ್ತಾನೇ ಇದ್ಯಲ್ಲ! ಒಂದಿನಾದ್ರೂ ಬಾಯಿ ಬುಡ್ಬೇಡ್ವಾ?”

ಬಸ್ಸಿಗೆ ಕಾಯುತ್ತಿದ್ದವರು ನೋಡುತ್ತಿದ್ದರು. ನೋಡಲಿ ಎನ್ನಿಸಿತು. “ತಪ್ಪಾಯ್ತು ಅತ್ತೆ” ಎಂದೆ. ಆ ಮಾತು ಎಷ್ಟು ಚಿಕ್ಕದಾಗಿ ಕೇಳಿಸಿತೆಂದರೆ ನನಗೇ ನನ್ನ ಮೇಲೆ ಅಸಹ್ಯವಾಯಿತು.

“ಮೋಹನಂಗ್ ಗೊತ್ತಾ?”

“ಇಲ್ಲ.”

“ನಾ ಹೇಳಾಕಿಲ್ಲ. ನೀನೇ ಹೇಳು. ಇವತ್ತೇ ಹೇಳು.”

ಮೋಹನ್ ಸಂಜೆಯ ಡ್ಯೂಟಿಗೆ ಹೊರಡಲು ಬೂಟಿನ ಲೇಸು ಕಟ್ಟುತ್ತಿದ್ದರು. ಹೇಳಿದೆ. ಲೇಸು ಹಿಡಿದ ಕೈ ಹಾಗೇ ನಿಂತಿತು. “ಎಂಟು ಪಾಯಿಂಟ್ ಎರಡಾ?” ಎಂದರು. ಮತ್ತೊಮ್ಮೆ, “ಎಂಟು ಪಾಯಿಂಟ್ ಎರಡಾ?” ಎಂದು ಕೇಳಿದರು. ಆಮೇಲೆ, “ನಂಗಾದ್ರೂ ಹೇಳ್ಬೋದಿತ್ತಲ್ಲೇ. ನಾನು ಅಮ್ಮನ ಮೇಲೆ ಕೂಗಾಡಿದೆ. ನೀನು ಅಲ್ಲೇ ನಿಂತಿದ್ದೆ” ಎಂದರು. ಬೈಯಲಿಲ್ಲ. ಲೇಸು ಕಟ್ಟಿಕೊಂಡು ಡ್ಯೂಟಿಗೆ ಹೋದರು. ಇದಾಗಿ ಇಪ್ಪತ್ತು ದಿನ. ಅಕ್ಕಿ ಬೇಕಾ, ಗ್ಯಾಸ್ ಬಂತಾ ಎನ್ನುವಷ್ಟು ಮಾತ್ರ ಮಾತು. ನನ್ನ ಪಕ್ಕ ಕೂತು ಊಟ ಮಾಡುತ್ತಾರೆ, ಕಣ್ಣೆತ್ತಿ ನೋಡುವುದಿಲ್ಲ. ಇದು ಎಷ್ಟು ದಿನವೋ, ಸರಿಹೋಗುತ್ತದೋ ಇಲ್ಲವೋ, ತಿಳಿಯದು. ಕೇಳುವ ಮುಖವೂ ನನಗಿಲ್ಲ.

ಅತ್ತೆ ನನ್ನನ್ನು ಕ್ಷಮಿಸಿಲ್ಲ. ಕ್ಷಮಿಸಿ ಎಂದು ನಾನೂ ಮತ್ತೆ ಕೇಳಿಲ್ಲ. ಕೇಳಿದರೆ ಅದು ಅವರಿಗೆ ಇನ್ನೊಂದು ಹೊರೆ. ಊರಿಂದ ಬಂದ ಮೂರನೆಯ ದಿನ ಅವರು ತಾವಾಗಿಯೇ ರೇಖಾಳ ಮನೆಗೆ ಹೋದರು. ಎಷ್ಟು ಹೊತ್ತಾದರೂ ಬರಲಿಲ್ಲ. ಬಂದಾಗ ಸೀರೆಯ ಅಂಚು ನೆನೆದಿತ್ತು.

ಆದರೆ ಕ್ವಾರ್ಟರ್ಸಿನಲ್ಲಿ ಆ ಮಾತು ಇನ್ನೂ ಹಾಗೇ ಇದೆ. ರೇಖಾಳ ಗಂಡನಿಗೆ ಯಾರೋ, “ಆ ಅಜ್ಜಿ ಕೊಟ್ಟದ್ದನ್ನು ಮಗುವಿಗೆ ಕುಡಿಸಬೇಡ, ಸೊಸೆಗೇ ಹಾಗೆ ಮಾಡಿದವಳು” ಎಂದರಂತೆ. ನಾನು ಬಿತ್ತಿದ ಮಾತು ಅದು. ಈಗ ಸಂಜೆ ಕಚೇರಿಯಿಂದ ಬಂದವಳೇ ಒಂದೊಂದು ಮನೆಯ ಬಾಗಿಲು ತಟ್ಟುತ್ತಿದ್ದೇನೆ. ಮೊದಲ ದಿನ ಎದುರು ಮನೆಗೆ. ಆಕೆ ನನ್ನನ್ನು ಒಳಗೆ ಕೂರಿಸಿ, ಎಲ್ಲ ಕೇಳಿ, “ಇಷ್ಟು ವರ್ಷ ಆದ್ಮೇಲೆ ಈಗ ಯಾಕೆ ಸುಜಾತ, ಬಿಡು” ಎಂದರು. ಬಿಡಲಾಗುವುದಿಲ್ಲ ಎಂದೆ. ಎರಡನೆಯ ಮನೆಯಲ್ಲಿ ಬಾಗಿಲಲ್ಲೇ ನಿಲ್ಲಿಸಿ ಕೇಳಿದರು. ನಾನು ತಿರುಗಿದ ಮೇಲೆ ಬಾಗಿಲು ಜೋರಾಗಿ ಹಾಕಿಕೊಂಡರು. ಮಂಗಳಮ್ಮ ಮಾತ್ರ ಹಾಲಿನ ಕ್ಯಾನು ಕೆಳಗಿಟ್ಟು ಬೈದಳು. ಅವಳು ಬೈದದ್ದು ಸರಿಯಾಗಿತ್ತು.

ಇನ್ನು ಉಳಿದಿರುವುದು ನನ್ನಮ್ಮ. ಬರುವ ಭಾನುವಾರ ಮಾದಿಹಳ್ಳಿಗೆ ಹೋಗುತ್ತಿದ್ದೇನೆ. ನೀವೂ ಬನ್ನಿ ಎಂದು ಅತ್ತೆಯನ್ನು ಕರೆದೆ. “ನಾ ಯಾಕ್ ಬರ್ಲಿ? ಸುಳ್ ಹೇಳ್ದೋಳು ನೀನು, ನೀನೇ ಹೋಗು” ಎಂದರು. ನಿಜ. ಅಮ್ಮ ಏನೆನ್ನುತ್ತಾಳೆಂದು ನನಗೆ ಈಗಲೇ ಗೊತ್ತು. ನನ್ನನ್ನು ತಬ್ಬಿಕೊಂಡು ಅಳುತ್ತಾಳೆ, ಪಾಪ ನೀನೇನು ಮಾಡ್ತೀಯ, ಮಾತ್ರೆ ತಿಂದು ತಿಂದು ತಲೆ ಕೆಟ್ಟಿತ್ತು ಎನ್ನುತ್ತಾಳೆ, ಕಾಫಿಗೆ ಇಡುತ್ತಾಳೆ. ನನಗೆ ಆ ಕಾಫಿ ಬೇಡ, ಆ ಪಾಪವೆನ್ನುವ ಮಾತೂ ಬೇಡ. ಅವಳು ನನ್ನ ಎದುರೇ ಅತ್ತೆಗೆ ಫೋನ್ ಹಚ್ಚಿ, “ಬೀಗ್ರೇ, ನಾ ನಿಮ್ಗೆ ಆಡ್ಬಾರದ್ ಮಾತ್ ಆಡ್ದೆ” ಎನ್ನುವ ತನಕ ಅಲ್ಲಿಂದ ಏಳುವುದಿಲ್ಲ.